ಮಿದುಳುಬಳ್ಳಿಯ ಹಾದಿಗಳು

ಮಾನ್ವಿಯ ಕಡೆಯ ಎರೆಹೊಲವೊಂದರಲ್ಲಿ ಹತ್ತಿ ಬಿಡಿಸಿದ ರೈತನೊಬ್ಬನು ಸಂಜೆ ಬರಿಗಾಲಿನಲ್ಲಿ ಒಡ್ಡಿನ ಮೇಲೆ ನಡೆದು ಬರುತ್ತಿದ್ದಾನೆಂದು ಭಾವಿಸೋಣ. ಬಳ್ಳಾರಿ ಜಾಲಿಯ ಮುಳ್ಳೊಂದು ಅವನ ಬಲ ಅಂಗಾಲಿಗೆ ಚುಚ್ಚುತ್ತದೆ. ಮರುಕ್ಷಣವೇ ಕಾಲು ಮೇಲಕ್ಕೆ ಸೆಳೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಎಡಗಾಲು ಸೆಟೆದು ನಿಂತು ಮೈಭಾರವನ್ನೆಲ್ಲ ತಾನೇ ಹೊತ್ತುಕೊಳ್ಳುತ್ತದೆ. ಹಾಗೆ ಹೊರದಿದ್ದರೆ ಆತನು ಬೀಳಬೇಕಾಗಿತ್ತು. ಇಷ್ಟೆಲ್ಲ ನಡೆದ ಮೇಲೆ ಚುರುಕಾದ ನೋವು ಅವನ ಅರಿವಿಗೆ ಬರುತ್ತದೆ. ಇನ್ನೂ ಸ್ವಲ್ಪ ತಡೆದು, ಸುಮಾರು ಒಂದು ಸೆಕೆಂಡಿನ ಅನಂತರ, ಎರಡನೆಯದೊಂದು ನೋವು, ಉರಿಯುವ ಮಂದವಾದ ನೋವು, ಕಾಲಿನಿಂದ ಮೇಲೇರಿ ಬರುತ್ತದೆ. ಮುಳ್ಳು ತುಳಿದ ಅನುಭವವಿಲ್ಲದವರು ಈ ಜಿಲ್ಲೆಯಲ್ಲಿ ವಿರಳ. ಆದರೆ ಈ ಕ್ರಮವನ್ನು ಗಮನಿಸಿದವರು ಇನ್ನೂ ವಿರಳ.

ಕಾಲನ್ನು ಎತ್ತೆಂದು ಅಪ್ಪಣೆ ಕೊಟ್ಟವರು ಯಾರು? ಮಿದುಳಲ್ಲ, ಅದಕ್ಕೆ ಸುದ್ದಿ ಮುಟ್ಟಿದ್ದೇ ಆಮೇಲೆ. ಅಪ್ಪಣೆ ಹೊರಟದ್ದು ಬೆನ್ನೆಲುಬಿನ ಒಳಗೆ ಅಡಗಿರುವ, ಕಿರುಬೆರಳಿನಷ್ಟು ದಪ್ಪವಾದ ಮೆದುವಾದ ಒಂದು ಹುರಿಯಿಂದ. ಇದನ್ನೇ ಮಿದುಳುಬಳ್ಳಿ ಅಥವಾ ಬೆನ್ನುಹುರಿ ಎಂದು ಕರೆಯುವರು. ಇದರ ರಚನೆಯನ್ನು ತಿಳಿಯುವುದು ಎಲ್ಲ ವಿದ್ಯಾರ್ಥಿಗಳಿಗೂ ಅಗತ್ಯವೇ. ರಾಯಚೂರು, ದೇವದುರ್ಗ, ಮಾನ್ವಿಗಳ ವಿದ್ಯಾರ್ಥಿಗಳಿಗಾದರೋ ಇದನ್ನು ಅರಿಯಲು ಇನ್ನೊಂದು ಕಾರಣವೂ ಉಂಟು. ಅದು ಅವರ ಊರಿನ ಕಲ್ಲಿಗೂ ನೀರಿಗೂ ಸಂಬಂಧಪಟ್ಟದ್ದು. ಮೊದಲು ಬಳ್ಳಿಯನ್ನು ನೋಡಿ, ಬಳಿಕ ಅದರ ಕಡೆಗೆ ಬರೋಣ.

ವಯಸ್ಕನ ಮಿದುಳುಬಳ್ಳಿಯ ಉದ್ದ ಸುಮಾರು 45 ಸೆಂಟಿಮೀಟರು. ತೂಕ ಸುಮಾರು 35 ಗ್ರಾಂ. ಇಡೀ ಮುಂಡ, ಕೈ, ಕಾಲುಗಳ ಆಡಳಿತವನ್ನೆಲ್ಲ ಹೊತ್ತ ಅಂಗದ ತೂಕ ಇಷ್ಟೇ! ಕಶೇರುಕಗಳೆಂಬ ಎಲುಬಿನ ಮಣಿಗಳು ಒಂದರ ಮೇಲೊಂದು ಕುಳಿತು ಬೆನ್ನೆಲುಬು ಆಗಿದೆಯಷ್ಟೆ. ಪ್ರತಿ ಮಣಿಯ ಹಿಂಭಾಗದಲ್ಲಿಯೂ ಒಂದು ಬಳೆಯಿದೆ. ಬಳೆಗಳೆಲ್ಲ ಸಾಲಾಗಿ ಸೇರಿದಾಗ ಒಂದು ಕೊಳವೆಯಾಗುತ್ತದೆ. ಈ ಎಲುಬಿನ ನಾಳದೊಳಗೆ, ಮೂರು ಪೊರೆಗಳನ್ನು ಹೊದ್ದು, ತಿಳಿನೀರಿನಂತಹ ದ್ರವದಲ್ಲಿ ತೇಲುತ್ತ ಮಿದುಳುಬಳ್ಳಿ ಇಳಿದು ಬರುತ್ತದೆ. ಮಣಿಗಳ ಸಂದುಗಳಿಂದ ಎಡಬಲಗಳಿಗೆ 31 ಜೊತೆ ನರಗಳು ಹೊರಡುತ್ತವೆ: ಕತ್ತಿನಲ್ಲಿ 8, ಎದೆಯ ಮಟ್ಟದಲ್ಲಿ 12, ಸೊಂಟದಲ್ಲಿ 5, ತ್ರಿಕದಲ್ಲಿ 5, ಬಾಲದೆಲುಬಿನ ಬಳಿ 1.

ಬಳ್ಳಿಯು ಬೆನ್ನೆಲುಬಿನ ತುದಿಯವರೆಗೂ ಇಳಿಯುವುದಿಲ್ಲವೆಂಬುದನ್ನು ಹಲವರು ಅರಿಯರು. ಗರ್ಭದ ಮೂರನೆಯ ತಿಂಗಳಿನಲ್ಲಿ ಅದು ನಾಳವನ್ನು ಪೂರ್ತಿ ತುಂಬಿರುತ್ತದೆ. ಆಮೇಲೆ ಎಲುಬು ಬೇಗ ಬೆಳೆಯುತ್ತದೆ, ಬಳ್ಳಿ ನಿಧಾನವಾಗಿ ಬೆಳೆಯುತ್ತದೆ. ಹೀಗಾಗಿ ವಯಸ್ಕರಲ್ಲಿ ಸೊಂಟದ ಮೊದಲನೆಯ ಅಥವಾ ಎರಡನೆಯ ಮಣಿಯ ಮಟ್ಟದಲ್ಲಿಯೇ ಬಳ್ಳಿ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಕಾಲುಗಳಿಗೆ ಹೋಗುವ ನರಗಳು ಕುದುರೆಯ ಬಾಲದಂತೆ ಜೋತುಬಿದ್ದಿರುತ್ತವೆ. ವೈದ್ಯರು ಅದನ್ನು ಕುದುರೆಬಾಲವೆಂದೇ ಕರೆಯುವರು. ಹೆರಿಗೆಯ ಶಸ್ತ್ರಚಿಕಿತ್ಸೆಗೆ ಮುನ್ನ ಸೊಂಟಕ್ಕೆ ಚುಚ್ಚುವ ಸೂಜಿಯಿಂದ ಬೆನ್ನುಹುರಿಗೇ ಪೆಟ್ಟಾಗುವುದೆಂದು ಅಂಜುವವರು ಇದನ್ನು ನೆನೆಯಬೇಕು. ಸೂಜಿಯನ್ನು ಚುಚ್ಚುವುದು ಬಳ್ಳಿ ಮುಗಿದ ಮೇಲಿನ ಜಾಗದಲ್ಲಿ; ಅಲ್ಲಿರುವುದು ದ್ರವ ಮತ್ತು ಅದರಲ್ಲಿ ತೇಲುವ ನರಗಳು. ನೀರಿನಲ್ಲಿ ಜೋತ ದಾರಗಳಂತೆ ಅವು ಸೂಜಿಯ ಮೊನೆಗೆ ಪಕ್ಕಕ್ಕೆ ಸರಿಯುತ್ತವೆ.

ಇನ್ನು ಬಳ್ಳಿಯನ್ನು ಸೌತೆಕಾಯಿಯಂತೆ ಅಡ್ಡಲಾಗಿ ಕತ್ತರಿಸಿ ನೋಡಿದರೆ ಎರಡು ಬಣ್ಣಗಳು ಕಾಣುತ್ತವೆ. ನಡುವೆ ರೆಕ್ಕೆ ಬಿಚ್ಚಿದ ಪಾತರಗಿತ್ತಿಯ ಆಕಾರದಲ್ಲಿ ಬೂದುಬಣ್ಣದ ದ್ರವ್ಯ; ಸುತ್ತಲೂ ಬಿಳಿಯ ದ್ರವ್ಯ. ಬೂದು ಭಾಗದಲ್ಲಿ ನರಕೋಶಗಳು ನೆಲಸಿವೆ. ಬಿಳಿಯ ಭಾಗವೆಲ್ಲ ಉದ್ದುದ್ದನೆಯ ನರತಂತುಗಳ ಕಟ್ಟು. ತಂತುಗಳನ್ನು ಸುತ್ತಿರುವ ಕೊಬ್ಬಿನಂತಹ ಹೊದಿಕೆಯಿಂದಲೇ ಆ ಬಿಳುಪು. ಪ್ರತಿಯೊಂದು ನರವೂ ಬಳ್ಳಿಯನ್ನು ಎರಡು ಬೇರುಗಳ ಮೂಲಕ ಕೂಡುತ್ತದೆ. ಹಿಂದಿನ ಬೇರಿನಿಂದ ಸುದ್ದಿ ಒಳಕ್ಕೆ ಬರುತ್ತದೆ. ಮುಂದಿನ ಬೇರಿನಿಂದ ಅಪ್ಪಣೆ ಹೊರಕ್ಕೆ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಬ್ರಿಟನ್ನಿನ ಚಾರ್ಲ್ಸ್ ಬೆಲ್ ಮತ್ತು ಫ್ರಾನ್ಸಿನ ಮಜಾಂದಿ ಎಂಬವರು ಈ ಭೇದವನ್ನು ಕಂಡುಕೊಂಡರು. ಮೊದಲು ಕಂಡವರು ಯಾರೆಂದು ಅವರ ನಡುವೆ ಕಹಿಯಾದ ವಿವಾದವೂ ನಡೆಯಿತು.

ನಮ್ಮ ರೈತನ ಮುಳ್ಳಿಗೆ ಮರಳೋಣ. ಅಂಗಾಲಿನ ಸುದ್ದಿ ಹಿಂದಿನ ಬೇರಿನಿಂದ ಬಳ್ಳಿಯನ್ನು ಹೊಕ್ಕಿತು. ಬೂದು ದ್ರವ್ಯದಲ್ಲಿ ಒಂದೆರಡು ನಡುವಣ ಕೋಶಗಳನ್ನು ದಾಟಿ ಮುಂಭಾಗದ ಚಾಲಕ ಕೋಶಗಳನ್ನು ಮುಟ್ಟಿತು. ಅವು ಬಲಗಾಲನ್ನು ಮಡಿಸುವ ಸ್ನಾಯುಗಳಿಗೆ ಅಪ್ಪಣೆ ಕಳುಹಿಸಿದವು. ಕಾಲನ್ನು ಚಾಚುವ ಸ್ನಾಯುಗಳಿಗೆ ಸಡಿಲವಾಗೆಂಬ ಸೂಚನೆ ಹೋಯಿತು. ಎಡಗಾಲಿಗೆ ಇದರ ತಿರುವುಮುರುವು. ಇದಕ್ಕೆ ಪರಾವರ್ತಿತ ಪ್ರತಿಕ್ರಿಯೆ ಎಂದು ಹೆಸರು. ಒಂದು ಸ್ನಾಯು ಬಿಗಿಯುವಾಗ ಅದರ ಎದುರಾಳಿಯನ್ನು ಬಳ್ಳಿಯೇ ತಡೆದಿಡುತ್ತದೆಂಬುದನ್ನು ಚಾರ್ಲ್ಸ್ ಶೆರಿಂಗ್ಟನ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಪ್ರಯೋಗ ನಡೆಸಿ ತೋರಿಸಿದನು. ನರಕೋಶಗಳ ಕಾರ್ಯವನ್ನು ಕುರಿತ ಶೋಧಗಳಿಗಾಗಿ 1932ರಲ್ಲಿ ಆತನಿಗೂ ಎಡ್ಗರ್ ಏಡ್ರಿಯನ್ನನಿಗೂ ನೊಬೆಲ್ ಪಾರಿತೋಷಕ ಸಂದಿತು.

ಬಳ್ಳಿಯ ಕೆಲಸ ಇಷ್ಟಕ್ಕೇ ಮುಗಿಯದು. ಸುದ್ದಿಯನ್ನು ಮಿದುಳಿಗೆ ಒಯ್ಯಬೇಕು, ಮಿದುಳಿನ ಅಪ್ಪಣೆಗಳನ್ನು ಕೆಳಕ್ಕೆ ತರಬೇಕು. ಇದಕ್ಕಾಗಿಯೇ ಬಿಳಿಯ ದ್ರವ್ಯದಲ್ಲಿ ಹಾದಿಗಳು ಏರ್ಪಟ್ಟಿವೆ. ಮಾನ್ವಿಯವರಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯೂ ದೇವದುರ್ಗದವರಿಗೆ ನಾರಾಯಣಪುರದ ಬಲದಂಡೆ ಕಾಲುವೆಯೂ ಪರಿಚಿತವಾದವು. ಮುಖ್ಯ ಕಾಲುವೆ, ಅದರಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ: ಮಿದುಳಿನಿಂದ ಇಳಿಯುವ ಹಾದಿಯೂ ಹೀಗೆಯೇ ಕತ್ತಿನಲ್ಲಿ ಕೈಗಳಿಗೂ ಎದೆಯಲ್ಲಿ ಮುಂಡಕ್ಕೂ ಸೊಂಟದಲ್ಲಿ ಕಾಲುಗಳಿಗೂ ಕವಲೊಡೆಯುತ್ತ ಸಾಗುತ್ತದೆ. ಕಾಲುವೆಯು ಮೇಲುಗಡೆ ಎಲ್ಲಿ ಒಡೆದರೂ ಕೊನೆಭಾಗದ ಹೊಲ ಒಣಗುವುದು ತಪ್ಪದು. ಕಾಲುಗಳು ಈ ಹಾದಿಯ ಕೊನೆಭಾಗದ ರೈತರೆನ್ನಬಹುದು. ಕತ್ತಿನಲ್ಲಾಗಲಿ ಬೆನ್ನಿನಲ್ಲಾಗಲಿ ಬಳ್ಳಿಗೆ ಧಕ್ಕೆ ತಗಲಿದರೆ ಕಾಲುಗಳು ಅದನ್ನು ಅನುಭವಿಸಲೇಬೇಕು. ಹೋಲಿಕೆ ಒಂದು ಕಡೆ ಮಾತ್ರ ಹೊಂದದು. ಕಾಲುವೆಯಲ್ಲಿ ನೀರು ಇಳಿಯುವುದೇ ಹೊರತು ಏರುವುದಿಲ್ಲ. ಬಳ್ಳಿಯಲ್ಲಿ ಏರುವ ಹಾದಿಗಳೂ ಇಳಿಯುವ ಹಾದಿಗಳೂ ಅಕ್ಕಪಕ್ಕದಲ್ಲಿಯೇ ಇವೆ.

ಇವುಗಳಲ್ಲಿ ಮುಖ್ಯವಾದ ಮೂರನ್ನು ತಿಳಿದರೆ ಸಾಕು. ಮೊದಲನೆಯದು ಬಳ್ಳಿಯ ಹಿಂಭಾಗದ ಕಂಬ. ನವಿರಾದ ಸ್ಪರ್ಶ, ಅದಿರುವಿಕೆ, ಕೈಕಾಲು ಯಾವ ಭಂಗಿಯಲ್ಲಿದೆಯೆಂಬ ಅರಿವು ಈ ಹಾದಿಯಲ್ಲಿ ಏರುತ್ತವೆ. ಕಣ್ಣು ಮುಚ್ಚಿಕೊಂಡರೂ ನಮ್ಮ ಹೆಬ್ಬೆರಳು ಮೇಲಕ್ಕೆ ಬಾಗಿದೆಯೋ ಕೆಳಕ್ಕೆ ಬಾಗಿದೆಯೋ ನಮಗೆ ತಿಳಿಯುವುದಲ್ಲವೆ? ಅದು ಈ ಕಂಬದ ಉಪಕಾರ. ಕಾಲ್ಬೆರಳಿನಿಂದ ಹೊರಟ ಒಂದೇ ನರಕೋಶದ ತಂತು ಎಲ್ಲಿಯೂ ತುಂಡಾಗದೆ ಮಿದುಳಿನ ಬುಡದ ಮೆಡುಲ್ಲಾ ಎಂಬ ಭಾಗದವರೆಗೆ ಏರುತ್ತದೆ. ಎತ್ತರದ ಆಳಿನಲ್ಲಿ ಅದರ ಉದ್ದ ಒಂದೂವರೆ ಮೀಟರಿನಷ್ಟು. ಬಲಗಾಲಿನ ಸುದ್ದಿ ಅಲ್ಲಿಯವರೆಗೂ ಬಲಬದಿಯಲ್ಲಿಯೇ ಏರಿ, ಮೆಡುಲ್ಲಾದಲ್ಲಿ ಎಡಬದಿಗೆ ದಾಟುತ್ತದೆ.

ಎರಡನೆಯದು ನೋವು ಮತ್ತು ಬಿಸಿ-ತಂಪುಗಳ ಹಾದಿ. ಇದರ ರೀತಿಯೇ ಬೇರೆ. ಬಲಗಾಲಿನ ನೋವಿನ ಸುದ್ದಿ ಬಳ್ಳಿಯನ್ನು ಹೊಕ್ಕ ಕೂಡಲೇ, ಅಲ್ಲಿಯೇ ಸ್ವಲ್ಪ ಮೇಲೆ, ಎಡಬದಿಗೆ ದಾಟಿಬಿಡುತ್ತದೆ. ಮುಂದಿನ ಏರುವಿಕೆಯೆಲ್ಲ ಎಡಬದಿಯಲ್ಲಿಯೇ. ನಮ್ಮ ರೈತನಿಗೆ ಎರಡು ನೋವುಗಳು ಬಂದ ಕಾರಣವೂ ಈಗ ತಿಳಿಯುವುದು. ಕಾಲಿನಿಂದ ಸುದ್ದಿ ತರುವ ತಂತುಗಳು ಎರಡು ಬಗೆ. ತೆಳುವಾದ ಹೊದಿಕೆಯುಳ್ಳವು ಸೆಕೆಂಡಿಗೆ 5ರಿಂದ 30 ಮೀಟರುಗಳ ವೇಗದಲ್ಲಿ ಚುರುಕಾದ ನೋವನ್ನು ತರುತ್ತವೆ. ಹೊದಿಕೆಯಿಲ್ಲದ ಸಣ್ಣ ತಂತುಗಳು ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ, ಆಳು ನಡೆದಷ್ಟೇ ವೇಗದಲ್ಲಿ, ಉರಿನೋವನ್ನು ಹೊತ್ತು ತರುತ್ತವೆ. ಅಂಗಾಲಿನಿಂದ ಬಳ್ಳಿಗೆ ಇರುವ ದೂರ ಸುಮಾರು ಒಂದು ಮೀಟರು. ಎರಡನೆಯ ನೋವಿಗೆ ಒಂದು ಸೆಕೆಂಡು ಹಿಡಿಯುವುದು ಸಹಜವೇ ಸರಿ.

ಮೂರನೆಯದು ಇಳಿಯುವ ಹಾದಿ. ಮಿದುಳಿನ ಹೊರಪದರದಿಂದ, ಒಂದೊಂದು ಬದಿಗೂ ಸುಮಾರು ಹತ್ತು ಲಕ್ಷ ತಂತುಗಳು, ಬೇಕೆಂದು ಮಾಡುವ ಚಲನೆಗಳ ಅಪ್ಪಣೆಯನ್ನು ಹೊತ್ತು ಇಳಿಯುತ್ತವೆ. ಮೆಡುಲ್ಲಾದ ಕೆಳ ಅಂಚಿನಲ್ಲಿ ಇವುಗಳಲ್ಲಿ ನೂರಕ್ಕೆ 85ರಿಂದ 90ರಷ್ಟು ಎದುರು ಬದಿಗೆ ದಾಟಿ ಬಳ್ಳಿಯೊಳಕ್ಕೆ ಬರುತ್ತವೆ. ಎಡಮಿದುಳಿಗೆ ಪೆಟ್ಟಾದರೆ ಬಲಗೈ ಬಲಗಾಲು ಬಿದ್ದುಹೋಗುವುದು ಇದರಿಂದಲೇ.

ಒಂದು ಹಾದಿ ಇಲ್ಲಿ ದಾಟುವುದು, ಇನ್ನೊಂದು ಅಲ್ಲಿ ದಾಟುವುದು ಎಂಬ ಈ ಗೋಜು ಪರೀಕ್ಷೆಗೆ ಓದುವವರಿಗೆ ಬೇಸರ ತರಬಹುದು. ವೈದ್ಯನಿಗಾದರೋ ಇದೇ ದಾರಿದೀಪ. ಮಾರಿಷಸ್ ದ್ವೀಪದಲ್ಲಿ 1817ರಲ್ಲಿ ಹುಟ್ಟಿದ ಬ್ರೌನ್ ಸೆಕಾರ್ಡ್ ಎಂಬ ವೈದ್ಯನು ಬಳ್ಳಿಯ ಒಂದು ಅರ್ಧ ಮಾತ್ರ ಕಡಿದುಹೋದರೆ ಏನಾಗುವುದೆಂಬುದನ್ನು ವಿವರಿಸಿದನು. ಬಲ ಅರ್ಧ ಕಡಿದರೆ ಬಲಗಾಲಿನ ಬಲವೂ ಭಂಗಿಯ ಅರಿವೂ ಹೋಗುತ್ತವೆ. ನೋವು ಮತ್ತು ಬಿಸಿಯ ಅರಿವು ಹೋಗುವುದು ಎಡಗಾಲಿನಲ್ಲಿ! ಬಲಗಾಲು ಏಳದು, ಆದರೆ ಮುಳ್ಳಿನ ನೋವು ತಿಳಿಯುತ್ತದೆ. ಎಡಗಾಲು ನಡೆಯುತ್ತದೆ, ಆದರೆ ಅದಕ್ಕೆ ಕೆಂಡ ತಾಗಿದರೂ ತಿಳಿಯದು. ಮೂರು ಹಾದಿಗಳ ನಕ್ಷೆ ಗೊತ್ತಿದ್ದವನಿಗೆ ಇದು ಒಗಟಲ್ಲ, ಪೆಟ್ಟು ಎಲ್ಲಿದೆಯೆಂದು ಹೇಳುವ ಸಾಕ್ಷಿ.

ವೈದ್ಯರು ಮೊಣಕಾಲಿನ ಚಿಪ್ಪಿನ ಕೆಳಗೆ ರಬ್ಬರಿನ ಸುತ್ತಿಗೆಯಿಂದ ತಟ್ಟಿ ನೋಡುವುದರಲ್ಲಿಯೂ ಇಂತಹದೇ ಯುಕ್ತಿಯಿದೆ. ತಟ್ಟಿದಾಗ ಕಾಲು ಮುಂದಕ್ಕೆ ಚಿಮ್ಮುವುದು ಬಳ್ಳಿಯ ಸ್ವಂತ ಕಾರ್ಯ. ಮಿದುಳು ಅದನ್ನು ಮೇಲಿನಿಂದ ಹತೋಟಿಯಲ್ಲಿಟ್ಟಿರುತ್ತದೆ. ಬಳ್ಳಿಯ ಮುಂಭಾಗದ ಚಾಲಕ ಕೋಶಗಳೇ ಸತ್ತರೆ ಕಾಲು ಚಿಮ್ಮದು, ಸ್ನಾಯು ಸೊರಗಿ ಜೋತುಬೀಳುವುದು. ಪೋಲಿಯೋ ಮಾಡುತ್ತಿದ್ದುದು ಇದನ್ನೇ. ಕಾಡುಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ ಭಾರತದಲ್ಲಿ ಕಂಡುಬಂದುದು 2011ರ ಜನವರಿಯಲ್ಲಿ. ಕೋಶಗಳು ಬದುಕಿದ್ದು ಮೇಲಿನಿಂದ ಬರುವ ಹಾದಿ ಕೆಟ್ಟರೆ ಪರಿಣಾಮ ಇದಕ್ಕೆ ವಿರುದ್ಧ. ಹತೋಟಿ ತಪ್ಪಿದ ಕಾಲು ಸೆಟೆದು ಬಿಗಿಯಾಗುತ್ತದೆ, ತಟ್ಟಿದಾಗ ಮಿತಿಮೀರಿ ಚಿಮ್ಮುತ್ತದೆ. ಅಂಗಾಲಿನ ಹೊರ ಅಂಚನ್ನು ಗೀಚಿದರೆ ಹೆಬ್ಬೆರಳು ಕೆಳಕ್ಕೆ ಬಾಗುವ ಬದಲು ಮೇಲಕ್ಕೇಳುತ್ತದೆ. ಇದನ್ನು 1896ರಲ್ಲಿ ಬಾಬಿನ್‌ಸ್ಕಿ ಎಂಬ ವೈದ್ಯನು ಗುರುತಿಸಿದನು. ಹೀಗೆ ಸೆಟೆದ ಕಾಲುಗಳೇ ನಮ್ಮನ್ನು ರಾಯಚೂರಿನ ಬಂಡೆಗಳ ಬಳಿಗೆ ಕರೆದೊಯ್ಯುತ್ತವೆ.

ಕೃಷ್ಣೆಗೂ ತುಂಗಭದ್ರೆಗೂ ನಡುವಣ ಈ ಸೀಮೆ ಬಹುಮಟ್ಟಿಗೆ ಗ್ರಾನೈಟು ಮತ್ತು ನೈಸ್ ಎಂಬ ಅತಿ ಪುರಾತನ ಶಿಲೆಗಳ ನೆಲ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವುಳ್ಳ, ನಲವತ್ತು ಅಡಿಗೂ ಮಿಕ್ಕ ಉದ್ದದ ಒಂದೇ ಕಲ್ಲನ್ನು ನೋಡಿದವರಿಗೆ ಈ ಶಿಲೆಯ ಕಸುವು ಗೊತ್ತು. ಇಂತಹ ಶಿಲೆಗಳಲ್ಲಿ ಅಪಟೈಟ್, ಕರಿ ಅಭ್ರಕ, ಫ್ಲೋರೈಟ್ ಮೊದಲಾದ ಖನಿಜಗಳು ಬೆರೆತಿರುತ್ತವೆ. ಅವುಗಳಲ್ಲಿ ಫ್ಲೋರಿನ್ ಅಡಗಿದೆ. ಮಳೆ ಕಡಮೆಯಾದ ಸೀಮೆಯಲ್ಲಿ ಅಂತರ್ಜಲವು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು, ಕ್ಷಾರಗುಣ ಪಡೆದು, ಆ ಫ್ಲೋರಿನನ್ನು ಫ್ಲೋರೈಡಿನ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡಿನೊಡನೆ ಕೂಡಿ ತಳಕ್ಕಿಳಿಯುತ್ತಿತ್ತು. ಕ್ಯಾಲ್ಸಿಯಂ ಕಡಮೆಯಾಗಿ ಸೋಡಿಯಂ ಹೆಚ್ಚಿದ ನೀರಿನಲ್ಲಿ ಆ ತಡೆ ಇಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಮಿನೊಳಗೆ ಇರಬೇಕು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಒಪ್ಪಬಹುದು. ರಾಯಚೂರು ಜಿಲ್ಲೆಯ ಹಲವು ಊರುಗಳ ಕೊಳವೆಬಾವಿಗಳ ನೀರು ಈ ಮಿತಿಯನ್ನು ಮೀರಿರುವುದು ಅಂತರ್ಜಲದ ಪರೀಕ್ಷೆಗಳಿಂದ ಕಂಡುಬಂದಿದೆ. ದೇವದುರ್ಗ, ಮಾನ್ವಿಗಳ ಹಳ್ಳಿಗಳೂ ಇವುಗಳಲ್ಲಿ ಸೇರಿವೆ.

ಸ್ವಲ್ಪ ಫ್ಲೋರೈಡು ಹಲ್ಲಿಗೆ ಹಿತ. ಹೆಚ್ಚಾದರೆ, ಹಲ್ಲು ರೂಪುಗೊಳ್ಳುವ ಎಳೆವಯಸ್ಸಿನಲ್ಲಿ ಅದು ಹಲ್ಲಿನ ಮೇಲೆ ಸುಣ್ಣದಂತಹ ಮತ್ತು ಕಂದುಬಣ್ಣದ ಕಲೆಗಳನ್ನು ಬಿಡುತ್ತದೆ. ಶಾಲೆಯ ಒಂದು ತರಗತಿಯ ಮಕ್ಕಳ ನಗುವೇ ಆ ಊರಿನ ನೀರಿನ ವರದಿ. ಎಲುಬಿನ ಕಥೆ ನಿಧಾನವಾದದ್ದು; ಸಾಮಾನ್ಯವಾಗಿ ಹತ್ತು ಇಪ್ಪತ್ತು ವರ್ಷಗಳಾದರೂ ಬೇಕು. ಫ್ಲೋರೈಡು ಎಲುಬಿನ ಖನಿಜದೊಳಗೆ ಸೇರಿಕೊಂಡು ಹೊಸ ಎಲುಬು ಬೆಳೆಯುವಂತೆ ಕೆರಳಿಸುತ್ತದೆ. ಎಲುಬು ದಪ್ಪವಾಗುತ್ತದೆ, ಅಂಚುಗಳಲ್ಲಿ ಮುಳ್ಳುಮುಳ್ಳಾಗುತ್ತದೆ. ಮಣಿಯನ್ನು ಮಣಿಗೆ ಬಿಗಿದಿರುವ ಅಸ್ಥಿರಜ್ಜುಗಳೆಂಬ ನಾರುಪಟ್ಟಿಗಳೂ ಗಟ್ಟಿಯಾಗಿ ಎಲುಬಾಗುತ್ತವೆ. ಕತ್ತು ತಿರುಗದು, ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕು. ಇದೇ ಎಲುಬಿನ ಫ್ಲೋರೋಸಿಸ್. ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ಶಾರ್ಟ್ ಮತ್ತು ಅವನ ಸಂಗಡಿಗರು 1937ರಲ್ಲಿ ಇದನ್ನು ವಿವರಿಸಿದರು.

ಕತ್ತಿನ ಮಟ್ಟದಲ್ಲಿ ಎಲುಬಿನ ನಾಳದ ಹಿಂದುಮುಂದಿನ ಅಗಲ ಸುಮಾರು 17 ಮಿಲಿಮೀಟರು; ಒಳಗಿನ ಬಳ್ಳಿಗೆ 8 ಮಿಲಿಮೀಟರು ಬೇಕು. ಉಳಿದ ಜಾಗ ಪೊರೆಗಳಿಗೂ ದ್ರವಕ್ಕೂ. ನಾಳದ ಗೋಡೆಯೇ ಒಳಮುಖವಾಗಿ ಬೆಳೆಯತೊಡಗಿದರೆ ಮೊದಲು ಹೋಗುವುದು ಈ ಉಳಿತಾಯ. ಆಮೇಲೆ ಒತ್ತಡ ಬಳ್ಳಿಯ ಮೇಲೆಯೇ. ಅಂದರೆ, ವಿಷವು ನೇರವಾಗಿ ನರವನ್ನು ಕೊಲ್ಲುವುದಕ್ಕಿಂತ, ಕಾವಲಿಗೆಂದು ಕಟ್ಟಿದ ಕೋಟೆಯೇ ಒಳಗಿದ್ದವರನ್ನು ಹಿಸುಕುವ ಪ್ರಸಂಗ ಇದು.

ಹಾದಿಗಳ ನಕ್ಷೆಯನ್ನು ತಿಳಿದವರಿಗೆ ಮುಂದಿನದು ಊಹೆಗೆ ನಿಲುಕುವಂತಹದು. ಇಳಿಯುವ ಹಾದಿ ಕೆಟ್ಟುದರಿಂದ ಕಾಲುಗಳು ಸೆಟೆಯುತ್ತವೆ. ಹೆಜ್ಜೆ ಎತ್ತಲಾರದೆ ನೆಲವನ್ನು ಉಜ್ಜುತ್ತ ನಡೆಯಬೇಕಾಗುವುದು. ಹಿಂಭಾಗದ ಕಂಬ ಅದುಮಿದುದರಿಂದ ಕಾಲಿನ ಭಂಗಿ ಅರಿವಿಗೆ ಬಾರದು. ಆಗ ಕಾಣುವ ಎರಡು ಲಕ್ಷಣಗಳನ್ನು ಮನೆಯವರೇ ಗುರುತಿಸಬಹುದು. ಹಗಲಿನಲ್ಲಿ ಹೇಗೋ ನಡೆಯುವವನು ಬೆಳಗ್ಗೆ ಮುಖಕ್ಕೆ ನೀರೆರಚಿಕೊಂಡು ಕಣ್ಣು ಮುಚ್ಚಿದ ಕೂಡಲೆ ತೂರಾಡುವನು. ಕಾಲಿನ ಅರಿವು ಇಲ್ಲದ್ದನ್ನು ಅದುವರೆಗೆ ಕಣ್ಣು ತುಂಬಿಕೊಡುತ್ತಿತ್ತು. ಇನ್ನೊಂದು, ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿದರೂ ಅವನಿಗೆ ತಿಳಿಯದು. ಹಿಂದೆ ಬರುವವರು ಕೂಗಿ ಹೇಳಬೇಕು. ಒತ್ತಡ ಕತ್ತಿನಲ್ಲಿದ್ದರೆ ಕೈಗಳೂ ಎಡವುತ್ತವೆ: ಅಂಗಿಯ ಗುಂಡಿ ಸಿಕ್ಕದು, ರೊಟ್ಟಿ ಬಡಿಯುವ ಕೈ ಮೊದಲಿನಂತೆ ಆಡದು. ಮೂತ್ರದ ಹತೋಟಿಯೂ ತಪ್ಪಬಹುದು.

ಇವನ್ನೆಲ್ಲ ವಯಸ್ಸಾಯಿತು, ವಾಯು, ಮೊಣಕಾಲಿನ ಸವೆತ ಎಂದು ತಳ್ಳಿಹಾಕುವುದು ಸುಲಭ. ಆದರೆ ಮೊಣಕಾಲಿನ ನೋವು ಕಾಯಬಲ್ಲದು, ಬಳ್ಳಿ ಕಾಯಲಾರದು. ಕೈಯ ನರ ತುಂಡಾದರೆ ಎಷ್ಟೋ ವೇಳೆ ಅದು ನಿಧಾನವಾಗಿ ಮತ್ತೆ ಚಿಗುರುತ್ತದೆ. ಮಿದುಳುಬಳ್ಳಿಯೊಳಗಿನ ತಂತುಗಳಿಗೆ ಆ ಶಕ್ತಿ ಇಲ್ಲವೆನ್ನುವಷ್ಟು ಕಡಮೆ. ಈ ಶತಮಾನದ ಸಂಶೋಧಕರು ಅದನ್ನು ಚಿಗುರಿಸಲು ಬಗೆಬಗೆಯಾಗಿ ಯತ್ನಿಸುತ್ತಿದ್ದರೂ, ಹಾಸಿಗೆಯ ಬಳಿಯ ವೈದ್ಯನ ಕೈಗೆ ಖಚಿತವಾದ ಮದ್ದು ಇನ್ನೂ ಬಂದಿಲ್ಲ. ಎಂ.ಆರ್.ಐ. ಚಿತ್ರದಲ್ಲಿ ನಾಳದ ಇಕ್ಕಟ್ಟು ಕಂಡ ಮೇಲೆ ಶಸ್ತ್ರವೈದ್ಯರು ಬಳೆಗಳ ಹಿಂಭಾಗವನ್ನು ಕೊರೆದು ತೆಗೆದು ಬಳ್ಳಿಗೆ ಜಾಗ ಮಾಡಿಕೊಡಬಲ್ಲರು. ಫ್ಲೋರೈಡಿನಿಂದ ಗಟ್ಟಿಯಾದ ಎಲುಬನ್ನು ಕೊರೆಯುವುದು ಕಠಿನವಾದ ಕೆಲಸ. ಬೇಗ ಮಾಡಿದರೆ ಎಷ್ಟೋ ಮಂದಿ ಚೇತರಿಸಿಕೊಳ್ಳುವರು. ವರ್ಷಗಟ್ಟಲೆ ಅದುಮಿದ್ದ ಬಳ್ಳಿ ಬಿಡುಗಡೆಯಾದರೂ ಏಳದಿರಬಹುದು.

ಎಲುಬಿನಲ್ಲಿ ಸೇರಿದ ಫ್ಲೋರೈಡನ್ನು ಕರಗಿಸಿ ತೆಗೆಯುವ ಔಷಧವಿಲ್ಲದ್ದರಿಂದ ಉಳಿದ ಉಪಾಯ ನೀರಿನದೇ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೊಡೆಯಬೇಕು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಮತ್ತಷ್ಟು ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಫಲವಿಲ್ಲ. ರುಚಿಯಿಂದಾಗಲಿ ಬಣ್ಣದಿಂದಾಗಲಿ ಅದು ತಿಳಿಯುವುದೂ ಇಲ್ಲ. ನಾಗಪುರದ ನೀರಿ ಸಂಸ್ಥೆಯವರು ರೂಪಿಸಿದ, ನಲ್ಗೊಂಡದ ಹೆಸರು ಹೊತ್ತ ವಿಧಾನದಲ್ಲಿ ಪಟಿಕ ಮತ್ತು ಸುಣ್ಣವನ್ನು ಬೆರೆಸಿ ಫ್ಲೋರೈಡನ್ನು ತಳಕ್ಕಿಳಿಸುವರು. ಹಳ್ಳಿಗಳಲ್ಲಿ ನಿಂತಿರುವ ಶುದ್ಧ ಕುಡಿಯುವ ನೀರಿನ ಘಟಕಗಳು ಸೂಕ್ಷ್ಮ ಪೊರೆಯ ಮೂಲಕ ಅದನ್ನು ಬೇರ್ಪಡಿಸುತ್ತವೆ. ಪೊರೆಯನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದರೆ ಮಾತ್ರ. ನದಿಯ ನೀರಿನಲ್ಲಿ ಫ್ಲೋರೈಡು ಸಾಮಾನ್ಯವಾಗಿ ಕಡಮೆ. ಆದುದರಿಂದ ಎರಡು ನದಿಗಳ ನಡುವಣ ಈ ಸೀಮೆಗೆ ಶುದ್ಧಿಮಾಡಿದ ನದಿಯ ನೀರೇ ಎಲ್ಲಕ್ಕಿಂತ ಲೇಸು.

ತಮ್ಮ ಊರಿನ ನೀರನ್ನು ವಿದ್ಯಾರ್ಥಿಗಳೇ ಪರೀಕ್ಷಿಸಿ ನೋಡಬಹುದು. ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ತುಂಬಬಾರದು, ಪ್ಲಾಸ್ಟಿಕ್ಕಿನದಾಗಬೇಕು. ಫ್ಲೋರೈಡು ಗಾಜಿನೊಡನೆಯೂ ಕೂಡಿಕೊಳ್ಳಬಲ್ಲದು. ಉಪಾಧ್ಯಾಯರ ಎದುರಿನಲ್ಲಿ, ಶುದ್ಧ ನೀರಿನ ಒಂದು ಮಾದರಿಯನ್ನು ಪಕ್ಕದಲ್ಲಿಟ್ಟುಕೊಂಡು, ಎರಡಕ್ಕೂ ಜಿರ್ಕೋನಿಯಂ-ಅಲಿಜರಿನ್ ದ್ರಾವಣವನ್ನು ಸಮನಾಗಿ ಹನಿಸಿ ಒಂದು ಗಂಟೆ ಬಿಡಬೇಕು. ಶುದ್ಧ ನೀರು ಕೆಂಪಾಗಿಯೇ ಉಳಿಯುತ್ತದೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚಿದ್ದಷ್ಟೂ ಆ ಕೆಂಪು ಮಾಸಿ ಹಳದಿಗೆ ತಿರುಗುತ್ತದೆ.